ಮೊದಲು ಗಾಳಿ ಹೊರಡಬೇಕು

ಮಗಳ ಮನೆಯಲ್ಲಿ ಮೊಮ್ಮಗನ ಕೋಣೆ ಒಂದೇ ತಣ್ಣಗಿತ್ತು. ಬಾಸ್ಟನ್ ಪಕ್ಕದ ಸಾಮರ್‌ವಿಲ್, ಜನವರಿ ತಿಂಗಳು, ಹೊರಗೆ ಸೊನ್ನೆಗಿಂತ 14 ಡಿಗ್ರಿ ಕೆಳಗೆ. ಕೆಳಗಿನ ಹಾಲ್‌ನ ರೇಡಿಯೇಟರ್ ಮುಟ್ಟಿದರೆ ಕೈ ಸುಡುತ್ತಿತ್ತು. ಮಹಡಿಯ ಮೂಲೆ ಕೋಣೆಯದು ಮಾತ್ರ ಬಾವಿಕಟ್ಟೆಯ ಕಲ್ಲಿನ ಹಾಗಿತ್ತು. ಹುಡುಗ ಎರಡು ಸ್ವೆಟರ್ ತೊಟ್ಟು ಮಲಗುತ್ತಿದ್ದ. ಕರೆಸಿದ ರಿಪೇರಿಯವನು ನೆಲಮಾಳಿಗೆಗೆ ಇಳಿದು, ಬಾಯ್ಲರ್ ಮೇಲಿನ ಒತ್ತಡದ ಸ್ವಿಚ್ಚನ್ನು ಇನ್ನಷ್ಟು ಏರಿಸಿ, ಇನ್ನು ತೊಂದರೆಯಿಲ್ಲ ಎಂದು ಬಿಲ್ಲು ಕೊಟ್ಟು ಹೋದ. ಕೆಳಗಿನ ಕೋಣೆಗಳು ಮತ್ತೂ ಕಾದವು. ಹುಡುಗನ ಕೋಣೆ ಇದ್ದ ಹಾಗೇ ಇತ್ತು.

ನಾನು ಮಂಡ್ಯ ಸೀಮೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಹಬೆಯ ಜೊತೆ ಬದುಕಿದವನು. ಮೊದಲು ಬಾಯ್ಲರ್ ಹೌಸು, ಆಮೇಲೆ ಕಬ್ಬಿನ ರಸ ಕುದಿಸುವ ಬಾಯ್ಲಿಂಗ್ ಹೌಸು. ಒತ್ತಡ ಏರಿಸಿದ ಎಂದು ಕೇಳಿದ ಕೂಡಲೇ ನನಗೆ ಹಳೆಯ ಒಂದು ರಾತ್ರಿ ಪಾಳಿ ನೆನಪಾಯಿತು. ರಸ ಇಂಗಿಸುವ ಇವಾಪರೇಟರ್ ಪಾತ್ರೆಯೊಂದು ಕುದಿಯುವುದನ್ನೇ ನಿಲ್ಲಿಸಿತ್ತು. ಆಗಿನ್ನೂ ಹುಡುಗನಾಗಿದ್ದ ನಾನು ಸ್ಟೀಮ್ ವಾಲ್ವನ್ನು ಇನ್ನೆರಡು ಸುತ್ತು ತೆರೆದೆ. ಏನೂ ಆಗಲಿಲ್ಲ. ನಮ್ಮ ಹಿರಿಯ ಮಿಸ್ತ್ರಿ ಬಂದರು, ಸ್ಟೀಮ್ ವಾಲ್ವನ್ನು ಮುಟ್ಟಲೇ ಇಲ್ಲ, ಪಾತ್ರೆಯ ಪಕ್ಕದ ಮುಕ್ಕಾಲು ಅಂಗುಲದ ಪುಟ್ಟ ಕಾಕ್ ಒಂದನ್ನು ತೆರೆದರು. ಬುಸ್ಸೆಂದು ಗಾಳಿ ಹೋಯಿತು. ಹತ್ತು ನಿಮಿಷದಲ್ಲಿ ರಸ ಕೊತಕೊತ ಕುದಿಯತೊಡಗಿತು. "ಒಳಗೆ ಗಾಳಿ ಕೂತಿದ್ರೆ ಸ್ಟೀಮು ಎಲ್ಲಿಗೆ ಹೋಗ್ಬೇಕಪ್ಪ? ಮೊದ್ಲು ಗಾಳಿ ಹೊರಡ್ಬೇಕು" ಎಂದರು. ಹಬೆ ತಣಿದರೆ ನೀರಾಗುತ್ತದೆ. ಗಾಳಿ ಎಷ್ಟು ತಣಿದರೂ ಗಾಳಿಯೇ. ಅದು ಕೊಳವೆಗಳ ಮೈಗೆ ಹೊದಿಕೆಯಂತೆ ಅಂಟಿಕೊಂಡು ಕೂರುತ್ತದೆ.

ಮೊಮ್ಮಗನ ಕೋಣೆಯ ರೇಡಿಯೇಟರ್ ಎರಕದ ಕಬ್ಬಿಣದ್ದು, ಹನ್ನೊಂದು ಕಂಬಗಳದ್ದು. ಅದಕ್ಕೆ ಬರುವುದು ಒಂದೇ ಒಂದು ಪೈಪು. ನೆಲಮಾಳಿಗೆಯಿಂದ ಹಬೆ ಏರುವುದೂ ಅದರಲ್ಲೇ, ತಣಿದು ನೀರಾಗಿ ಇಳಿಯುವುದೂ ಅದರಲ್ಲೇ. ಪೈಪು ಸೇರುವ ತುದಿಗೆ ಎದುರು ತುದಿಯಲ್ಲಿ, ಅರ್ಧ ಎತ್ತರದಲ್ಲಿ, ಅಡಿಕೆಗಿಂತ ಸ್ವಲ್ಪ ದೊಡ್ಡದಾದ ಒಂದು ಬುರುಡೆ. ನಿಕಲ್ ಹೊಳಪಿನ ಆ ವಸ್ತುವಿಗೆ ಯಾರೋ ಯಾವಾಗಲೋ ಗೋಡೆಯ ಬಣ್ಣವನ್ನೇ ಬಳಿದಿದ್ದರು. ಬಾಯ್ಲರ್ ಆರಿದ್ದಾಗ ಬಿಚ್ಚಿ ತೆಗೆದು ಬಾಯಿಟ್ಟು ಊದಿದೆ. ಗಾಳಿ ಆಡಲಿಲ್ಲ. ವಿನೆಗರ್‌ನಲ್ಲಿ ಕುದಿಸಿ ನೋಡಿದೆ, ಆಗಲೂ ಇಲ್ಲ. ಮಾರನೆ ದಿನ ಮಗಳು ಹಾರ್ಡ್‌ವೇರ್ ಅಂಗಡಿಯಿಂದ ಹೊಸದೊಂದು ಏರ್ ವೆಂಟ್ ತಂದಳು. ಎಳೆಗಳಿಗೆ ಟೇಪು ಸುತ್ತಿ ಕೈಯಲ್ಲೇ ತಿರುವಿ ಕೂರಿಸಿದೆ. ಬಾಯ್ಲರ್ ಹೊತ್ತಿಕೊಂಡು ಸ್ವಲ್ಪ ಹೊತ್ತಿಗೆ ಆ ಬುರುಡೆ ಮೆಲ್ಲಗೆ ಉಸಿರಾಡತೊಡಗಿತು. ಮೊಮ್ಮಗ ಪಕ್ಕದಲ್ಲಿ ಕೂತು ಕಂಬಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತಿದ್ದ: ಒಂದು ಬಿಸಿ, ಎರಡು ಬಿಸಿ, ಮೂರು ಬಿಸಿ. ಹತ್ತನೆಯದು ಬಿಸಿಯಾದ ಮೇಲೆ ಬುರುಡೆ ಟಿಕ್ ಎಂದು ಬಾಯಿ ಮುಚ್ಚಿತು.

ಆ ಟಿಕ್ ಎಂಬ ಸದ್ದಿನ ಹಿಂದೆ ಎಷ್ಟು ಜನರ ಎಷ್ಟು ವರ್ಷಗಳಿವೆ ಎಂದು ಆ ಚಳಿಗಾಲವೆಲ್ಲ ಓದಿದೆ, ತಿರುಗಿದೆ.

ಕತೆ ಮನೆಗಳಿಂದ ಶುರುವಾಗುವುದಿಲ್ಲ, ಗಣಿಯಿಂದ ಶುರುವಾಗುತ್ತದೆ. ಥಾಮಸ್ ನ್ಯೂಕೊಮೆನ್ 1712ರಲ್ಲಿ ಇಂಗ್ಲೆಂಡಿನ ಡಡ್ಲಿ ಕೋಟೆಯ ಹತ್ತಿರ ಗಣಿಯ ನೀರೆತ್ತಲು ನಿಲ್ಲಿಸಿದ ಯಂತ್ರಕ್ಕೂ ಇದೇ ಕಾಯಿಲೆಯಿತ್ತು. ಸಿಲಿಂಡರಿಗೆ ಹಬೆ ತುಂಬಿ, ತಣ್ಣೀರು ಚಿಮುಕಿಸಿ, ಅದು ನೀರಾಗಿ ಕುಗ್ಗಿದಾಗ ಹುಟ್ಟುವ ನಿರ್ವಾತದಿಂದ ಪಿಸ್ಟನ್ ಇಳಿಯಬೇಕು. ಆದರೆ ನೀರಿನಲ್ಲಿ ಕರಗಿದ್ದ ಗಾಳಿ ಪ್ರತಿ ಸಲವೂ ಒಂದಿಷ್ಟು ಒಳಗೇ ಉಳಿಯುತ್ತ ಹೋಗಿ, ಕೊನೆಗೆ ಯಂತ್ರ ಹೊಟ್ಟೆ ಉಬ್ಬರಿಸಿದ ಎತ್ತಿನಂತೆ ನಿಂತುಬಿಡುತ್ತಿತ್ತು. ಅದಕ್ಕೆ ಮಾಡಿದ ಮದ್ದು ಒಂದು ಪುಟ್ಟ ಕವಾಟ. ಹೊಸ ಹಬೆ ಒಳನುಗ್ಗಿದಾಗ ಹಳೆಯ ಗಾಳಿ ಅದರ ಮೂಲಕ ಹೊರಕ್ಕೆ. ಶೀತವಾದವನು ಮೂಗು ಸೇದಿದ ಹಾಗೆ ಸದ್ದು ಮಾಡುತ್ತಿದ್ದ ಅದನ್ನು ಇಂಗ್ಲಿಷರು ಸ್ನಿಫ್ಟಿಂಗ್ ವಾಲ್ವ್ ಎಂದು ಕರೆದರು. ನನ್ನ ಲೆಕ್ಕದಲ್ಲಿ ಮೊಮ್ಮಗನ ಕೋಣೆಯ ಬುರುಡೆಯ ಮೂಲಪುರುಷ ಅದೇ. ಜೇಮ್ಸ್ ವಾಟ್ 1769ರಲ್ಲಿ ಪೇಟೆಂಟ್ ಪಡೆದ ಪ್ರತ್ಯೇಕ ಕಂಡೆನ್ಸರಿನ ಬಗ್ಗೆ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಆ ಕಂಡೆನ್ಸರಿನಿಂದ ಗಾಳಿ ಎಳೆದು ಹಾಕಲು ಅವನು ಸೇರಿಸಿದ ಏರ್ ಪಂಪಿನ ಬಗ್ಗೆ ಯಾರೂ ಹೇಳುವುದಿಲ್ಲ. ಅದಿಲ್ಲದಿದ್ದರೆ ಕಂಡೆನ್ಸರ್ ಗಾಳಿ ತುಂಬಿ ಕೆಲಸ ನಿಲ್ಲಿಸುತ್ತಿತ್ತು. ಅದೇ ವಾಟ್ 1784ರಲ್ಲಿ ತನ್ನ ಓದಿನ ಕೋಣೆಯನ್ನು ಹಬೆಯಿಂದ ಬೆಚ್ಚಗೆ ಮಾಡಿಕೊಂಡ.

ಈ ವಿದ್ಯೆ ಅಮೆರಿಕಕ್ಕೆ ಬಂದದ್ದು ಲಂಡನ್ನಿನ ದಾರಿಯಾಗಿ. ಏಂಜಿಯರ್ ಮಾರ್ಚ್ ಪರ್ಕಿನ್ಸ್ ಎಂಬವನು ಅಲ್ಲಿ 1831ರಲ್ಲಿ ಸಣ್ಣ ಪೈಪುಗಳಲ್ಲಿ ಬಿಸಿನೀರು ಸುತ್ತಿಸುವ ವ್ಯವಸ್ಥೆಗೆ ಪೇಟೆಂಟ್ ಪಡೆದ. ಅವನ ಬಳಿ ಕೆಲಸ ಕಲಿತ ಜೋಸೆಫ್ ನೇಸನ್ ಅಮೆರಿಕಕ್ಕೆ ಮರಳಿ, 1842ರಲ್ಲಿ ಜೇಮ್ಸ್ ವಾಲ್ವರ್ತ್ ಜೊತೆ ಸೇರಿ ಕಂಪನಿ ಕಟ್ಟಿದ. ಅದು ಬಾಸ್ಟನ್ನಿನಲ್ಲಿ ನೆಲೆಯೂರಿ ಗಿರಣಿ, ಹೋಟೆಲು, ಸರ್ಕಾರಿ ಕಟ್ಟಡಗಳಿಗೆ ಹಬೆಯ ಪೈಪು ಹಾಕಿಕೊಟ್ಟಿತು. ವಾಷಿಂಗ್ಟನ್ನಿನ ಕ್ಯಾಪಿಟಲ್ ಕಟ್ಟಡದ ದೊಡ್ಡ ವಿಸ್ತರಣೆ ನಡೆದಾಗ ಅದನ್ನು ಬೆಚ್ಚಗಿಡುವ ಕೆಲಸಕ್ಕೂ ನೇಸನ್‌ನನ್ನೇ ಕರೆದರು.

ವಾಲ್ವರ್ತ್ ಹೆಸರು ಓದುತ್ತಿದ್ದಾಗ ನನಗೆ ಮೈ ಜುಮ್ಮೆಂದದ್ದು ಬೇರೆ ಕಾರಣಕ್ಕೆ. ನಮ್ಮ ಕಾರ್ಖಾನೆಯ ಸ್ಟೋರಿನ ಪಟ್ಟಿಯಲ್ಲಿ 'ಸ್ಟಿಲ್ಸನ್ 18 ಇಂಚು', 'ಸ್ಟಿಲ್ಸನ್ 24 ಇಂಚು' ಎಂದು ಇರುತ್ತಿತ್ತು. ಪೈಪ್ ರೆಂಚಿಗೆ ಫಿಟ್ಟರುಗಳು ಹೇಳುವ ಹೆಸರೇ ಅದು. ಡೇನಿಯಲ್ ಸ್ಟಿಲ್ಸನ್ ಈ ವಾಲ್ವರ್ತ್ ಕಂಪನಿಯ ಕೆಲಸಗಾರ. ಅವನು ಆ ಹಲ್ಲಿನ ರೆಂಚನ್ನು ಕಂಡುಹಿಡಿದು ಪೇಟೆಂಟ್ ಪಡೆದದ್ದು 1869-70ರಲ್ಲಿ. 1876ರ ಅಕ್ಟೋಬರ್ 9ರಂದು ಅಲೆಕ್ಸಾಂಡರ್ ಗ್ರಹಾಂ ಬೆಲ್ ಎರಡು ಊರುಗಳ ನಡುವೆ ಮೊದಲ ಬಾರಿಗೆ ಎರಡೂ ಕಡೆಯಿಂದ ಟೆಲಿಫೋನಿನಲ್ಲಿ ಮಾತಾಡಿಸಿದಾಗ ಒಂದು ತುದಿ ಬಾಸ್ಟನ್ನಿನ ವಾಲ್ವರ್ತ್ ಕಚೇರಿ, ಇನ್ನೊಂದು ತುದಿ ನದಿಯಾಚೆ ಕೇಂಬ್ರಿಜ್‌ನ ವಾಲ್ವರ್ತ್ ಕಾರ್ಖಾನೆ. ಮಗಳ ಮನೆಯಿಂದ ಆ ಜಾಗ ಕೆಲವೇ ಮೈಲಿ. ಮಂಡ್ಯದ ಫಿಟ್ಟರ್‌ನ ಹೆಗಲ ಮೇಲಿದ್ದ ಹತ್ಯಾರು ಇಲ್ಲಿ ಮನೆಗಳನ್ನು ಬೆಚ್ಚಗಿಡುವ ಕೆಲಸದಲ್ಲಿ ಹುಟ್ಟಿದ್ದು ಎಂದು ತಿಳಿದ ದಿನ ರಾತ್ರಿ ಹೆಂಡತಿಗೆ ಫೋನ್ ಮಾಡಿ ಹೇಳಿದೆ.

ಮೊದಮೊದಲ ರೇಡಿಯೇಟರುಗಳಿಗೆ ಗಾಳಿ ಬಿಡಲು ಕೈಯಿಂದ ತಿರುಗಿಸುವ ಪುಟ್ಟ ಕಾಕ್ ಇರುತ್ತಿತ್ತು. ಬೆಳಿಗ್ಗೆ ಒಲೆ ಹೊತ್ತಿಸಿದ ಮೇಲೆ ಯಾರಾದರೂ ಕೋಣೆ ಕೋಣೆಗೂ ಹೋಗಿ, ಕಾಕ್ ತೆರೆದು, ಗಾಳಿ ಮುಗಿದು ಹಬೆ ಕಾಣಿಸಿಕೊಂಡ ತಕ್ಷಣ ಮುಚ್ಚಬೇಕು. ಮರೆತರೆ ಗೋಡೆಯ ಕಾಗದ ಒದ್ದೆ. ಮುಚ್ಚಿದ ಮೇಲೂ ಕೆಲಸ ಮುಗಿಯುವುದಿಲ್ಲ. ಹಬೆ ತಣಿದು ನೀರಾದಾಗ ಆ ಜಾಗಕ್ಕೆ ಸಂದುಗೊಂದುಗಳಿಂದ ಮತ್ತೆ ಗಾಳಿ ಸೇರುತ್ತದೆ. ಮುಂದಿನ ಸಲ ಮತ್ತೆ ಅದೇ ಪ್ರದಕ್ಷಿಣೆ. ಹತ್ತು ಹನ್ನೆರಡು ರೇಡಿಯೇಟರುಗಳ ಮನೆಯಲ್ಲಿ ಚಳಿಗಾಲವಿಡೀ ದಿನವೂ ಇದನ್ನು ಮಾಡುತ್ತಿದ್ದ ಕೈಗಳು ಮನೆಗೆಲಸದ ಹೆಣ್ಣುಮಕ್ಕಳವು, ಗೃಹಿಣಿಯರವು.

ತಾನಾಗಿ ತೆರೆದು ತಾನಾಗಿ ಮುಚ್ಚುವ ವೆಂಟ್ ಹುಟ್ಟಿದ್ದು ಆ ಕೈಗಳಿಗೆ ಬಿಡುವು ಕೊಡಲು. ಮೊದಲ ಬಗೆಯವುಗಳಲ್ಲಿ ಬಿಸಿಗೆ ಹಿಗ್ಗುವ ಒಂದು ಮಿಶ್ರಣದ ಕಡ್ಡಿ ಇರುತ್ತಿತ್ತು. ಹಬೆ ತಾಗಿದರೆ ಕಡ್ಡಿ ಉದ್ದವಾಗಿ ರಂಧ್ರವನ್ನು ಒತ್ತಿ ಮುಚ್ಚುತ್ತದೆ, ತಣಿದರೆ ಕುಗ್ಗಿ ತೆರೆಯುತ್ತದೆ. ಉಪಾಯವೇನೋ ಒಳ್ಳೆಯದೇ. ಆದರೆ ಕಡ್ಡಿ ನಿಧಾನ, ಆಗಾಗ ತಿರುಪು ತಿರುಗಿಸಿ ಹೊಂದಿಸಬೇಕು, ನೀರು ಬಂದರೆ ತಡೆಯುವ ಶಕ್ತಿ ಅದಕ್ಕಿಲ್ಲ.

ನಾನು ಮೊಮ್ಮಗನ ಕೋಣೆಯಿಂದ ತೆಗೆದ ಹಳೆಯದನ್ನು ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿ ನೋಡಿದೆ. ಒಳಗೆ ತೆಳು ತಗಡಿನ ಒಂದು ಡಬ್ಬಿ, ಅದರ ನೆತ್ತಿಯಲ್ಲಿ ಸೂಜಿ. ಇಂಥ ಡಬ್ಬಿಗಳ ಒಳಗೆ ನೀರಿಗಿಂತ ಬೇಗ ಕುದಿಯುವ ದ್ರವ, ಸಾಮಾನ್ಯವಾಗಿ ಆಲ್ಕೋಹಾಲು ಬೆರೆಸಿದ ನೀರು, ಸ್ವಲ್ಪವೇ ಸ್ವಲ್ಪ ಹಾಕಿ ಬೆಸೆದಿರುತ್ತಾರೆ. ಸುತ್ತ ಗಾಳಿ ಇರುವವರೆಗೆ ಡಬ್ಬಿ ತಣ್ಣಗೆ ಕೂತಿರುತ್ತದೆ, ರಂಧ್ರ ತೆರೆದಿರುತ್ತದೆ, ಹಿಂದಿನಿಂದ ಬರುವ ಹಬೆ ಗಾಳಿಯನ್ನು ಹೊರದಬ್ಬುತ್ತದೆ. ಗಾಳಿ ಮುಗಿದು ಹಬೆಯೇ ತಾಗಿದ ಕ್ಷಣ ಒಳಗಿನ ದ್ರವ ಆವಿಯಾಗಿ ಡಬ್ಬಿಯ ತಳವನ್ನು ಉಬ್ಬಿಸುತ್ತದೆ, ಸೂಜಿ ಮೇಲೇರಿ ರಂಧ್ರ ಮುಚ್ಚುತ್ತದೆ. ಹಬೆಯ ಬದಲು ನೀರೇ ನುಗ್ಗಿದರೆ ಆ ಡಬ್ಬಿ ತೇಲಿ ಮೇಲೇರಿ ಆಗಲೂ ಮುಚ್ಚುತ್ತದೆ. ಕರೆಂಟು ಬೇಡ, ಸ್ಪ್ರಿಂಗು ಬೇಡ, ಯಾರ ಕೈಯೂ ಬೇಡ. ಗಾಳಿ, ಹಬೆ, ನೀರು ಮೂರರ ಗುರುತನ್ನೂ ಅದು ಬಲ್ಲದು, ಮೂರರಲ್ಲಿ ಗಾಳಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಇದಕ್ಕಿಂತ ಅಚ್ಚುಕಟ್ಟಾದ ಕೆಲಸವನ್ನು ನನ್ನ ಮೂವತ್ತೊಂದು ವರ್ಷದಲ್ಲಿ ನಾನು ಕಂಡಿಲ್ಲ.

ಕಲ್ಲಿದ್ದಲಿನ ಕಾಲದಲ್ಲಿ ಇದಕ್ಕೆ ಇನ್ನೊಂದು ಜಾಣತನ ಸೇರಿತು. ಮಗಳ ಮನೆಯ ನೆಲಮಾಳಿಗೆಯಲ್ಲಿ ಹಲಗೆ ಕಟ್ಟಿದ ಮೂಲೆಯೊಂದಿದೆ, ಅದರ ಮೇಲೆ ಬೀದಿಗೆ ತೆರೆಯುವ ಪುಟ್ಟ ಕಬ್ಬಿಣದ ಕಿಟಕಿ. ಇದ್ದಲು ಬಂದು ಬೀಳುತ್ತಿದ್ದದ್ದು ಅಲ್ಲಿ. ಇದ್ದಲಿನ ಬೆಂಕಿ ಒಮ್ಮೆ ಹತ್ತಿದರೆ ಗಂಟೆಗಟ್ಟಲೆ ಉರಿದು ಮೆಲ್ಲಗೆ ಆರುತ್ತದೆ. ಹಾಗಾಗಿ ಹೋದ ಗಾಳಿ ಮರಳಿ ಬಾರದಂತೆ ತಡೆಯುವ ವ್ಯಾಕ್ಯೂಮ್ ವೆಂಟುಗಳು ಬಂದವು. ಬೆಂಕಿ ಕುಗ್ಗಿದಂತೆ ಪೈಪುಗಳೊಳಗೆ ನಿರ್ವಾತ ಹುಟ್ಟುತ್ತದೆ. ನಿರ್ವಾತದಲ್ಲಿ ನೀರು 100 ಡಿಗ್ರಿಗಿಂತ ಕೆಳಗೇ ಕುದಿಯುವುದರಿಂದ, ಸಾಯುತ್ತಿರುವ ಕೆಂಡದ ಮೇಲೂ ಹಬೆ ಏಳುತ್ತಲೇ ಇರುತ್ತದೆ. ನಮ್ಮ ಕಾರ್ಖಾನೆಯ ಕೊನೆಯ ಪಾತ್ರೆಯಲ್ಲಿ ರಸ ಕುದಿಯುವುದೂ ಇದೇ ನಿಯಮದಿಂದ. ಎತ್ತರದ ಕಟ್ಟಡಗಳಲ್ಲಿ ಪಾಲ್ ಸಿಸ್ಟಮ್ ಎಂಬ ಏರ್ಪಾಡಿತ್ತು. ಪ್ರತಿ ರೇಡಿಯೇಟರಿನ ಗಾಳಿಬಾಯಿಗೂ ಬೆರಳು ಗಾತ್ರದ ಪೈಪು ಜೋಡಿಸಿ, ಎಲ್ಲವನ್ನೂ ನೆಲಮಾಳಿಗೆಗೆ ತಂದು, ಅಲ್ಲಿಂದ ಗಾಳಿಯನ್ನು ಹೀರಿ ತೆಗೆಯುತ್ತಿದ್ದರು.

ಆಮೇಲೆ ಎಣ್ಣೆ ಬಂತು, ಗ್ಯಾಸು ಬಂತು. ಈ ಬರ್ನರುಗಳು ಥಟ್ಟನೆ ಹೊತ್ತಿ ಥಟ್ಟನೆ ಆರುತ್ತವೆ. ಗಾಳಿ ಪೂರ್ತಿ ಹೊರಡುವ ಮೊದಲೇ ಬೆಂಕಿ ನಿಂತರೆ ವ್ಯಾಕ್ಯೂಮ್ ವೆಂಟ್ ಶತ್ರುವಾಗುತ್ತದೆ. ಒಳಗುಳಿದ ಗಾಳಿ ನಿರ್ವಾತದಲ್ಲಿ ಹಿಗ್ಗಿ ಪೈಪು ತುಂಬ ಹರಡಿ ಮುಂದಿನ ಸಲದ ಹಬೆಗೆ ಅಡ್ಡ ಕೂರುತ್ತದೆ. ಬೆಂಕಿ ಬದಲಿಸಿದವರು ವೆಂಟನ್ನು ಬದಲಿಸಲಿಲ್ಲ. ಹಬೆಯ ಮನೆಗಳಿಗೆ ಕೆಟ್ಟ ಹೆಸರು ಅಂಟಿದ್ದು ಹೆಚ್ಚಾಗಿ ಅಲ್ಲಿಂದ ಎಂದು ನನ್ನ ನಂಬಿಕೆ.

ಈಗ ಒತ್ತಡದ ಮಾತು. ಮನೆಯ ಹಬೆ ಬಾಯ್ಲರಿಗೆ ಚದರ ಅಂಗುಲಕ್ಕೆ 2 ಪೌಂಡಿಗಿಂತ ಹೆಚ್ಚು ಬೇಕಿಲ್ಲ. 1 ಲೀಟರ್ ನೀರು ಹಬೆಯಾದರೆ 1,600 ಲೀಟರಿಗೂ ಮೀರಿ ಹಿಗ್ಗುತ್ತದೆ. ದಾರಿ ತೆರೆದಿದ್ದರೆ ಸಾಕು, ಅದನ್ನು ಯಾರೂ ನೂಕಬೇಕಾಗಿಲ್ಲ. ದಾರಿ ಮುಚ್ಚಿಟ್ಟು ಒತ್ತಡ ಏರಿಸುವುದು ಯಾಕೆ ನನ್ನನ್ನು ಇಷ್ಟು ಕಾಡುತ್ತದೆ ಎಂದು ಹೇಳಬೇಕಾದರೆ ಬ್ರಾಕ್ಟನ್ ವಿಷಯ ಹೇಳಲೇಬೇಕು.

ಬ್ರಾಕ್ಟನ್ ಊರು ಬಾಸ್ಟನ್ನಿನಿಂದ ದಕ್ಷಿಣಕ್ಕೆ ಸುಮಾರು 20 ಮೈಲಿ, ಒಂದು ಕಾಲಕ್ಕೆ ಬೂಟುಗಳ ಊರು. 1905ರ ಮಾರ್ಚ್ 20ರ ಬೆಳಿಗ್ಗೆ, ಎಂಟು ಗಂಟೆಗೆ ಸ್ವಲ್ಪ ಮುಂಚೆ, ಅಲ್ಲಿನ ಗ್ರೋವರ್ ಬೂಟಿನ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿಯಿತು. ಹೊಸ ಬಾಯ್ಲರ್ ನಿಂತಿದ್ದರಿಂದ ಹಳೆಯದನ್ನು ಹೊತ್ತಿಸಿದ್ದರು. ಅದು ಮಹಡಿಗಳನ್ನು ಸೀಳಿಕೊಂಡು ಛಾವಣಿ ಹರಿದು ಹಾರಿ ದೂರದಲ್ಲಿ ಬಿತ್ತು. ನಾಲ್ಕಂತಸ್ತಿನ ಮರದ ಕಟ್ಟಡ ಕುಸಿದು ಹೊತ್ತಿ ಉರಿಯಿತು. 58 ಜನ ಸತ್ತರು. ಗುರುತು ಸಿಗದವರನ್ನು ಒಟ್ಟಿಗೆ ಹೂಳಿದ ಮೆಲ್ರೋಸ್ ಸ್ಮಶಾನಕ್ಕೆ ಫೆಬ್ರವರಿಯ ಒಂದು ಭಾನುವಾರ ಅಳಿಯ ನನ್ನನ್ನು ಕರೆದುಕೊಂಡು ಹೋದ. ಹಿಮದಲ್ಲಿ ಕಂಬದ ಹಾಗೆ ನಿಂತಿತ್ತು ಸ್ಮಾರಕ. ನಾನು ಟೋಪಿ ತೆಗೆದು ನಿಂತೆ. ಬಾಯ್ಲರ್ ಮುಂದೆ ಒಂದು ದಿನವಾದರೂ ಪಾಳಿ ಮಾಡಿದವನಿಗೆ ಅಲ್ಲಿ ಮಾತು ಹೊರಡುವುದಿಲ್ಲ.

ಆ ಸಾವುಗಳ ಬಳಿಕ ಮ್ಯಾಸಚೂಸೆಟ್ಸ್ ರಾಜ್ಯ 1907ರಲ್ಲಿ ಬಾಯ್ಲರ್ ಕಾಯ್ದೆ ಮಾಡಿತು. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ 1914-15ರಲ್ಲಿ ಇಡೀ ದೇಶಕ್ಕೆ ಮಾದರಿಯಾದ ಬಾಯ್ಲರ್ ಸಂಹಿತೆ ತಂದಿತು. ನಮ್ಮಲ್ಲಿಯೂ ಹಾಗೇ, 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ಮೇಲೆ 1864ರ ಬಂಗಾಳದ ಕಾಯ್ದೆ, ಕೊನೆಗೆ 1923ರ ಇಂಡಿಯನ್ ಬಾಯ್ಲರ್ಸ್ ಆಕ್ಟ್. ನನ್ನ ಅಟೆಂಡೆಂಟ್ ಸರ್ಟಿಫಿಕೇಟಿಗೆ ಬೆನ್ನೆಲುಬಾಗಿದ್ದದ್ದು ಅದೇ ಕಾಯ್ದೆ. ಮಗಳ ಮನೆ ಕಟ್ಟಿದ್ದೂ 1923ರಲ್ಲೇ ಎಂದು ದಸ್ತಾವೇಜು ಹೇಳುತ್ತದೆ.

ಆ ಮನೆಯ ರೇಡಿಯೇಟರುಗಳು ಕೋಣೆಗಳ ಅಳತೆಗೆ ಮೀರಿ ದೊಡ್ಡವು, ಎಲ್ಲವೂ ಕಿಟಕಿಯ ಕೆಳಗೇ. ಇದಕ್ಕೂ ಗಾಳಿಯೇ ಕಾರಣ, ಆದರೆ ಬೇರೆ ಗಾಳಿ. 1866-67ರ ಚಳಿಗಾಲದಲ್ಲಿ ಫಿಲಡೆಲ್ಫಿಯಾದಲ್ಲಿ ಲೂಯಿಸ್ ಲೀಡ್ಸ್ ಎಂಬ ಎಂಜಿನಿಯರ್, ಮುಚ್ಚಿದ ಕೋಣೆಯಲ್ಲಿ ನಮ್ಮದೇ ಉಸಿರು ನಮಗೆ ವಿಷ ಎಂದು ಉಪನ್ಯಾಸ ಮಾಡಿದ. ಕ್ಯಾಥರಿನ್ ಬೀಚರ್ ಮತ್ತು ಹ್ಯಾರಿಯಟ್ ಬೀಚರ್ ಸ್ಟೋ ಸೋದರಿಯರು 1869ರ ತಮ್ಮ 'ದಿ ಅಮೆರಿಕನ್ ವುಮನ್ಸ್ ಹೋಮ್' ಪುಸ್ತಕದಲ್ಲಿ ಶುದ್ಧ ಗಾಳಿಯ ಪರವಾಗಿ ಬರೆದರು. ಮುಂದೆ 1918ರ ಆಗಸ್ಟ್ ಕೊನೆಯಲ್ಲಿ ಬಾಸ್ಟನ್ ಬಂದರಿನ ನಾವಿಕರಲ್ಲಿ ಭೀಕರ ಇನ್‌ಫ್ಲೂಯೆನ್ಜಾ ಕಾಣಿಸಿಕೊಂಡಿತು. ಬ್ರೂಕ್‌ಲೈನ್‌ನ ಕೋರಿ ಹಿಲ್ ಗುಡ್ಡದ ಮೇಲೆ ಡೇರೆ ಹಾಕಿ ರೋಗಿಗಳನ್ನು ಬಯಲಲ್ಲೇ ಮಲಗಿಸಿ ಆರೈಕೆ ಮಾಡಿದರು. ಅದನ್ನು ಕಂಡ ಜನಕ್ಕೆ ಕಿಟಕಿ ಮುಚ್ಚಲು ಧೈರ್ಯ ಬರಲಿಲ್ಲ. ಅತಿ ಚಳಿಯ ದಿನವೂ ಕಿಟಕಿ ತೆರೆದೇ ಮನೆ ಬೆಚ್ಚಗಿರಬೇಕು ಎಂದು 1920ರ ದಶಕದ ಎಂಜಿನಿಯರುಗಳು ಬಾಯ್ಲರನ್ನೂ ರೇಡಿಯೇಟರನ್ನೂ ಹಿಗ್ಗಿಸಿ ಲೆಕ್ಕ ಹಾಕಿದರು. ಇವತ್ತು ಆ ಬೀದಿಯಲ್ಲಿ ಹಿಮ ಬೀಳುತ್ತಿರುವಾಗ ಮೇಲಿನ ಮಹಡಿಯ ಕಿಟಕಿ ತೆರೆದದ್ದು ಕಂಡರೆ, ಜನ ಸೆಖೆ ತಡೆಯಲಾಗದೆ ತೆರೆದಿದ್ದಾರೆ ಎಂದರ್ಥ. ನೂರು ವರ್ಷದ ಹಿಂದಿನ ಸಾವಿನ ಭಯ ಇವರ ಗ್ಯಾಸ್ ಬಿಲ್ಲಿನಲ್ಲಿ ಇನ್ನೂ ಇದೆ.

ಬಿಸಿನೀರಿನ ಬಾಯ್ಲರುಗಳ ಕತೆ ಬೇರೆ. ಅಲ್ಲಿಯೂ ಗಾಳಿ ಬೇಡದ ಅತಿಥಿ, ನೀರಿನಲ್ಲಿ ಕರಗಿ ಬಂದು ಕಾದಾಗ ಗುಳ್ಳೆಯಾಗಿ ಬೇರ್ಪಟ್ಟು ಎತ್ತರದ ಜಾಗ ಹುಡುಕಿ ಕೂರುತ್ತದೆ, ಅದರ ಆಮ್ಲಜನಕ ಕಬ್ಬಿಣವನ್ನು ತಿನ್ನುತ್ತದೆ. ಅವಕ್ಕೆ ತೇಲುಬುರುಡೆಯ ವೆಂಟು ಸಾಕು. ಗಾಳಿ ಕೂಡಿದಂತೆ ಒಳಗಿನ ನೀರು ಇಳಿದು, ಬುರುಡೆಯೂ ಇಳಿದು, ಬಾಯಿ ತೆರೆಯುತ್ತದೆ. ಇಂಗ್ಲೆಂಡಿನ ಮನೆಗಳಲ್ಲಿ ರೇಡಿಯೇಟರಿನ ಗಾಳಿ ಬಿಡಲು ಇಂದಿಗೂ ಪುಟ್ಟ ಹಿತ್ತಾಳೆಯ ಕೀಲಿ ಇಟ್ಟುಕೊಳ್ಳುತ್ತಾರೆ.

ನನ್ನ ಕೆಲಸ ಇನ್ನೂ ಉಳಿದಿತ್ತು. ಒಂದು ಕೋಣೆ ಬೆಚ್ಚಗಾಯಿತು ನಿಜ, ಆದರೆ ಹಬೆ ಮಹಡಿಗೆ ತಲುಪುವುದು ತಡವಾಗುತ್ತಿತ್ತು. ನೆಲಮಾಳಿಗೆಯ ಚಾವಣಿಗುಂಟ ಸಾಗುವ ದೊಡ್ಡ ಪೈಪಿನ ಕೊನೆಯಲ್ಲಿ ಅದರದೇ ಒಂದು ವೆಂಟು ಇರಬೇಕು, ಇತ್ತೂ ಕೂಡ, ಮುಷ್ಟಿ ಗಾತ್ರದ್ದು. ಧೂಳು, ಜೇಡರಬಲೆ ಒರೆಸಿ ನೋಡಿದರೆ ಅದೂ ತುಕ್ಕು ಹಿಡಿದು ಬಾಯಿ ಕಟ್ಟಿತ್ತು. ಇಡೀ ಪೈಪಿನ ಗಾಳಿ ಹನ್ನೆರಡು ಕೋಣೆಗಳ ಸೂಜಿಯ ರಂಧ್ರಗಳಿಂದಲೇ ಹೊರಡಬೇಕಾಗಿತ್ತು. ಅಂಗಡಿಯಲ್ಲಿ ಸ್ಟಿಲ್ಸನ್ ಎಂದು ಕೇಳಿದೆ, ಪೈಪ್ ರೆಂಚ್ ಎಂದು ಕೊಟ್ಟರು. ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕುವ ಮೊದಲೂ ಆಮೇಲೂ ಗಡಿಯಾರ ಹಿಡಿದು ಕೂತೆ. ಹಬೆ ಪೈಪಿನ ಕೊನೆ ಮುಟ್ಟಲು ಮೊದಲು 24 ನಿಮಿಷ, ಆಮೇಲೆ 9. ರಿಪೇರಿಯವನು ಏರಿಸಿದ್ದ ಒತ್ತಡದ ಸ್ವಿಚ್ಚನ್ನು ಕೆಳಕ್ಕೆ ಇಳಿಸಿದೆ. ಹೊಡೆದುಕೊಳ್ಳುತ್ತಿದ್ದ ಪೈಪುಗಳ ಸದ್ದೂ ಅರ್ಧ ಅಡಗಿತು. ಉಳಿದರ್ಧಕ್ಕೆ ಒಂದು ರೇಡಿಯೇಟರಿನ ದೂರದ ಕಾಲುಗಳ ಕೆಳಗೆ ತೆಳು ಹಲಗೆ ಕೊಟ್ಟೆ, ನೀರು ನಿಲ್ಲದೆ ಹಿಂದಕ್ಕೆ ಹರಿಯುವಂತೆ.

ಹಳೆಯ ವೆಂಟಿನ ಪಕ್ಕದ ತೊಲೆಯ ಮೇಲೆ ಪೆನ್ಸಿಲ್ ಗುರುತುಗಳಿದ್ದವು. ಟಾರ್ಚು ಹಿಡಿದೆ. ಮೂರು ತಾರೀಕುಗಳು, ಮೂರು ಬೇರೆ ಬೇರೆ ಕೈಬರಹ: 1938, 1957, 1974. ಮೂರರ ಮುಂದೆಯೂ ವೆಂಟ್ ಎಂಬ ಒಂದೇ ಪದ, ಹೆಸರುಗಳಿಲ್ಲ. ಮೊಮ್ಮಗ ಮೇಲಿನಿಂದ ತನ್ನ ಬಣ್ಣದ ಪೆನ್ಸಿಲ್ಲುಗಳ ಡಬ್ಬಿ ತಂದುಕೊಟ್ಟ. ಕಪ್ಪು ಆರಿಸಿಕೊಂಡು, 1974ರ ಕೆಳಗೆ ತಾರೀಕನ್ನು ಕನ್ನಡ ಅಂಕಿಯಲ್ಲಿ ಬರೆದೆ. ಅವನು ಅದನ್ನು ಓದಲಾರದೆ ಏನೆಂದು ಕೇಳಿದ. ಅಲ್ಲೇ ಬಾಯ್ಲರಿನ ಬಿಸುಪಿನಲ್ಲಿ ಮೆಟ್ಟಿಲ ಮೇಲೆ ಕೂತು, ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದೇ ಅಂಕಿ ತಿದ್ದಿಸಿದೆ.